ಕೆಂಪು ಮೋಟಾರಿಗೆ ಕುಸುಬಿ ಎಣ್ಣೆ

ಹೋದ ತಿಂಗಳು ಗೋಕಾಕಕ್ಕೆ ಕಣ್ಣು ತೋರಿಸಲು ಹೋದಾಗ ಮಗ ದಾರಿಯಲ್ಲಿ ತನ್ನ ಕಾರನ್ನು ಒಂದು ಗ್ಯಾರೇಜಿನೊಳಗೆ ನುಗ್ಗಿಸಿದ. ಹತ್ತೇ ನಿಮಿಷ ಎಂದು ಹೇಳಿ, ನನ್ನನ್ನು ಒಂದು ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿ, ತಾನು ಚಹಾ ಕುಡಿಯಲು ಹೋದ. ಗ್ಯಾರೇಜಿನ ಮಾಲೀಕ ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು, ಅದರ ಹೊಟ್ಟೆಗೆ ಕರ್ರಗಿನ ಎಂಥದೋ ಬಳಿಯತೊಡಗಿದ. ಸುಟ್ಟ ಎಣ್ಣೆಯ ಒಗರು ವಾಸನೆ ಗುಂಡಿಯಿಂದ ಎದ್ದು ಬಂದು ನನ್ನ ಮೂಗಿಗೆ ತಾಕಿತು. ತಾಕಿದ್ದೇ ತಡ, ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ. ನನ್ನ ಮೊಣಕಾಲುಗಳು ಹಾಗೆ ಥಟ್ಟನೆ ಏಳುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿವೆ.

"ಇದನ್ನ ಹಚ್ಚಿದ್ರ ತುಕ್ಕ ಹಿಡಿಯಂಗಿಲ್ರಿ ಅಜ್ಜಿ," ಎಂದ ಅವನು, ನಾನು ಬಗ್ಗಿ ನೋಡುವುದನ್ನು ಕಂಡು.

ಸೀಟಿನ ಕೆಳಗೆ ನೋಡಿದೆಯೇನಪ್ಪಾ ಎಂದು ಕೇಳಿದೆ. ಒಳಗಿನಿಂದ ಯಾಕೆ ತುಕ್ಕು ಹಿಡಿಯುತ್ತದೆ ಎಂದು ಅವನು ನಕ್ಕ. ನಾನೂ ನಕ್ಕೆ. ಮಗ ಚಹಾ ಕುಡಿದು ಬರುವಷ್ಟರಲ್ಲಿ ನಾನು ತುಕ್ಕಾನಟ್ಟಿಯ ಆ ಒಂದು ಚಳಿಗಾಲವನ್ನು ಪೂರ್ತಿ ಸುತ್ತಿ ಬಂದಿದ್ದೆ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ನನ್ನ ತವರು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ. ಕೊಟ್ಟದ್ದು ಮೂಡಲಗಿ ಕಡೆಯ ತುಕ್ಕಾನಟ್ಟಿಗೆ. ಮದುವೆಯಾಗಿ ಮೂರು ವರ್ಷವಾಗಿತ್ತು. ನಮ್ಮ ಮಾವನವರಿಗೆ ಕಾಲುವೆ ನೀರಿನ ಕಬ್ಬಿನ ಹೊಲ, ಹೊಲದಲ್ಲೇ ಸ್ವಂತ ಬೆಲ್ಲದ ಗಾಣ. ಆ ವರ್ಷ ದೀಪಾವಳಿ ಮುಗಿದ ಮೇಲೆ ಅವರು ನಮ್ಮವರನ್ನು ಬೆಳಗಾವಿಗೆ ಕಳಿಸಿದ್ದು ಕಬ್ಬಿನ ಹಾಲು ಕುದಿಸುವ ಹೊಸ ಕೊಪ್ಪರಿಗೆ ತರಲಿಕ್ಕೆ. ನಾಲ್ಕನೇ ದಿನ ಮಧ್ಯಾಹ್ನ ಊರ ನಾಯಿಗಳೆಲ್ಲ ಒಮ್ಮೆಲೇ ಬೊಗಳಿದವು. ಓಡಿ ಹೊರಗೆ ಬಂದು ನೋಡಿದರೆ ಧೂಳಿನಲ್ಲಿ ಮುಳುಗಿದ ಒಂದು ಕೆಂಪು ಮೋಟಾರು, ಅದರೊಳಗೆ ಧೂಳಿನಲ್ಲಿ ಮುಳುಗಿದ ನಮ್ಮವರು. ಕೊಪ್ಪರಿಗೆ ಎಲ್ಲೂ ಇರಲಿಲ್ಲ.

ಬೆಳಗಾವಿಯ ದಂಡಿನ ಸಾಹೇಬನೊಬ್ಬ ವಿಲಾಯತಿಗೆ ಹೊರಟಿದ್ದನಂತೆ. ಅವನು ಓಟದ ಪಂದ್ಯಕ್ಕೆಂದು ತರಿಸಿಕೊಂಡಿದ್ದ ಗಾಡಿ ಕೊಪ್ಪರಿಗೆಯ ದುಡ್ಡಿಗೆ ನಮ್ಮವರ ಕೈಗೆ ಬಂದಿತ್ತು. ತಲೆಯ ಮೇಲೆ ಛಾವಣಿಯಿಲ್ಲ, ಸೈಕಲ್ಲಿಗಿರುವಂಥ ತಂತಿಯ ಗಾಲಿಗಳು, ಇಂಜಿನ್ನಿನ ಮೇಲಿನ ಮುಚ್ಚಳಕ್ಕೆ ಚರ್ಮದ ಪಟ್ಟಿ, ಕೂರಲು ಎರಡೇ ಸೀಟು. ನಾನು ಅಷ್ಟು ಚೆಂದದ ವಸ್ತುವನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಖರೆ ಹೇಳಬೇಕೆಂದರೆ ಆಮೇಲೂ ನೋಡಿಲ್ಲ.

ಮಾವನವರು ಅದರ ಸುತ್ತ ಒಂದು ಸುತ್ತು ಹಾಕಿದರು. ಇದರಲ್ಲಿ ಕಬ್ಬು ಎಷ್ಟು ಹೇರಬಹುದು ಎಂದು ಕೇಳಿದರು. ಇಬ್ಬರು ಕೂರಬಹುದು ಎಂದರು ನಮ್ಮವರು. ಹೋರಿ ಕಟ್ಟದ ಬಂಡಿಗೆ ಇಷ್ಟು ಸೊಕ್ಕು ಯಾಕೆ ಎಂದು ಹೇಳಿ ಅವರು ಬಚ್ಚಲಿಗೆ ಹೋದರು. ಅವರ ಸಿಟ್ಟು ಕೂಗಿ ಆಡುವ ಸಿಟ್ಟಲ್ಲ. ಕಾಲು ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕೂತು ಒಂದು ಕರಾರು ಹಾಕಿದರು.

ಮಾವನವರನ್ನು ತಿಳಿದವರಿಗೆ ಆ ಕರಾರು ಅರ್ಥವಾಗುತ್ತದೆ. ನಾಲ್ಕು ಹಳ್ಳಿಗಳಲ್ಲಿ ಅವರ ಕಬ್ಬಿಣಕ್ಕೆ ಹೆಸರಿತ್ತು. ನೇಗಿಲು, ಕುಡುಗೋಲು, ಗುದ್ದಲಿ ಯಾವುದಕ್ಕೂ ಒಂದು ಚೂರು ತುಕ್ಕಿರುತ್ತಿರಲಿಲ್ಲ. ಕುಡುಗೋಲನ್ನು ಒದ್ದೆಯಾಗಿ ಇಟ್ಟವರಿಗೆ ಆ ದಿನ ಅವರ ಮುಂದೆ ಕೂತು ಉಣ್ಣುವ ಧೈರ್ಯವಿರುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಹೆಮ್ಮೆ ಇಪ್ಪತ್ತು ವರ್ಷದ ಹಿಂದೆ ತಂದ ಕಬ್ಬಿಣದ ಗಾಣ. ಅದರ ತೆಂಕಣ ಕಾಲೊಂದು ಮಾತ್ರ ಪ್ರತಿ ವರ್ಷ ಕೆಂಪಾಗುತ್ತಿತ್ತು. ಪ್ರತಿ ಚಳಿಗಾಲ ಮಾವನವರೇ ಕೂತು ಅದನ್ನು ಇಟ್ಟಂಗಿಪುಡಿಯಿಂದ ತಿಕ್ಕುತ್ತ, ಆ ಕಾಲನ್ನು ಎರಕ ಹೊಯ್ದವನ ವಂಶವನ್ನೆಲ್ಲ ನೆನೆಯುತ್ತಿದ್ದರು.

"ನೆರಳಾಗ ನಿಲ್ಲಿಸಿದ್ರ ಎಂಥಾ ಕಬ್ಬಿಣನೂ ಉಳೀತೈತಿ. ದಿನಾ ಓಡಸು," ಎಂದರು ಅವರು. "ಉಗಾದಿ ದಿನ ನಾ ನೋಡತೇನಿ. ಜ್ವಾಳದ ಕಾಳಿನಷ್ಟು ತುಕ್ಕ ಕಂಡ್ರೂ ಗಾಡಿ ಬೆಳಗಾವಿಗೆ, ನೀ ಹೊಲಕ್ಕ."

ನಮ್ಮವರು ಹೂಂ ಅಂದುಬಿಟ್ಟರು. ಯಾವುದಕ್ಕೆ ಹೂಂ ಅನ್ನುತ್ತಿದ್ದೇನೆಂದು ಯೋಚಿಸುವ ರೂಢಿ ಅವರಿಗೆ ಕೊನೆಯವರೆಗೂ ಬರಲಿಲ್ಲ. ಅದೇ ಸಂಜೆ, ದನಗಳಿಗೆ ಮೇವು ಹಾಕುತ್ತಿದ್ದ ನನ್ನ ಹತ್ತಿರ ಬಂದು ನಿಂತು, ಗಾಡಿ ಉಳಿದರೆ ಯುಗಾದಿಯ ಮರುದಿನ ನೀನೇ ನಡೆಸಿಕೊಂಡು ಬಾಗೇವಾಡಿಗೆ ಹೋಗುವಿಯಂತೆ, ಕಲಿಸುತ್ತೇನೆ ಎಂದರು.

ಮೇವಿನ ಸಿವುಡು ನನ್ನ ಕೈಯಿಂದ ಬಿತ್ತು. ನಾನು ಗಂಡನ ಮನೆಗೆ ಬಂದದ್ದು ಪರದೆ ಕಟ್ಟಿದ ಬಂಡಿಯಲ್ಲಿ. ತವರಿಗೆ ಹೋಗುವುದೂ ಅದರಲ್ಲೇ. ಬೆಳಗ್ಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮುಟ್ಟುವುದು, ದಾರಿಯುದ್ದಕ್ಕೂ ನನಗೆ ಕಾಣುವುದು ಪರದೆಯ ಕಿಂಡಿಯಲ್ಲಿ ಎರಡು ಎತ್ತಿನ ಬಾಲ. ಇಪ್ಪತ್ತು ವರ್ಷದವಳಾದರೂ ನನ್ನೂರಿಗೆ ಹೋಗುವ ದಾರಿ ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ. ಆ ದಾರಿಯನ್ನು ಕಣ್ಣು ತುಂಬ ನೋಡುತ್ತ, ನನ್ನ ಕೈಯಲ್ಲೇ ಚಕ್ರ ಹಿಡಿದು, ಅಪ್ಪನ ಮನೆಯ ಮುಂದೆ ಹೋಗಿ ಇಳಿಯುವುದು! ಆ ಕ್ಷಣದಿಂದ ಗಾಡಿ ನಮ್ಮವರದಾಗಿ ಉಳಿಯಲಿಲ್ಲ, ನನ್ನದಾಯಿತು.

ಆದರೆ ಹದಿನೈದು ದಿನಗಳಲ್ಲೇ ಗಾಡಿಯ ಹೊಟ್ಟೆಯಲ್ಲಿ ಕಂದು ಚುಕ್ಕೆ ಕಂಡವು. ನಮ್ಮ ಕಡೆ ಕಾಲುವೆ ಬಂದ ಮೇಲೆ ತಗ್ಗಿನ ಹೊಲಗಳಲ್ಲಿ ನೀರು ನಿಂತು ಎಷ್ಟೋ ನೆಲ ಉಪ್ಪೇರಿ ಸವಳಾಗಿದೆ. ಚಳಿಗಾಲದ ಬೆಳಗಿನಲ್ಲಿ ಆ ಸವಳು ಹಿಟ್ಟು ಚೆಲ್ಲಿದ ಹಾಗೆ ನೆಲದ ಮೇಲೆ ಬೆಳ್ಳಗೆ ಉಕ್ಕಿರುತ್ತದೆ. ಕಬ್ಬಿನ ಬಂಡಿಗಳು ಓಡಾಡಿ ಅದು ರಸ್ತೆಯ ತುಂಬ ಹರಡುತ್ತದೆ, ಇಬ್ಬನಿ ಬಿದ್ದು ರಾಡಿಯಾಗುತ್ತದೆ. ಗಾಡಿ ಹೋದಂತೆಲ್ಲ ಆ ರಾಡಿ ಕೆಳಗಿನಿಂದ ಸಿಡಿದು ಕಬ್ಬಿಣಕ್ಕೆ ಮೆತ್ತಿಕೊಳ್ಳುತ್ತಿತ್ತು. ನಮ್ಮವರು ದಿನಾ ಹಿತ್ತಲ ಬಾವಿಯಿಂದ ನೀರು ಸೇದಿ, ದೇವರಿಗೆ ಎರೆದಷ್ಟು ಭಕ್ತಿಯಿಂದ ಅದನ್ನು ತೊಳೆಯುತ್ತಿದ್ದರು. ತೊಳೆದಷ್ಟೂ ಅಲ್ಲಲ್ಲಿ ಕಂದು ಚುಕ್ಕೆ ಹೆಚ್ಚಾಗುತ್ತ ಹೋಯಿತು.

ಒಂದು ದಿನ ಒಲೆಯ ಮುಂದೆ ಕೂತಾಗ ನನಗೆ ಹೊಳೆಯಿತು. ಆ ಬಾವಿಯ ಸವಳು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಅಡಿಗೆಗೆ ನಾವು ಕಾಲುವೆಯ ನೀರನ್ನೇ ತರುತ್ತಿದ್ದೆವು. ಬೇಳೆಗೆ ಆಗದ ನೀರು ಗಾಡಿಗೆ ಹೇಗೆ ಆದೀತು? ಓಡಿಹೋಗಿ ನಮ್ಮವರ ಕೈಯಿಂದ ಕೊಡ ಕಸಿದುಕೊಂಡೆ. ಬೇಳೆಯ ಮಾತು ಕೇಳಿ ಅವರು ತಮ್ಮ ಹಣೆಯನ್ನು ತಾವೇ ಬಡಿದುಕೊಂಡರು. ಅವತ್ತಿನಿಂದ ಕಾಲುವೆಯ ಸಿಹಿನೀರು. ತೊಳೆದಾದ ಮೇಲೆ ಗಾಡಿಯನ್ನು ಗಾಣದ ಮನೆಯ ಬಾಜೂ ನಿಲ್ಲಿಸುವುದು, ಬೆಲ್ಲದ ಒಲೆಯ ಕಾವಿಗೆ ಅದರ ಮೈ ಆರುವುದು. ಹೊಸ ಕೊಪ್ಪರಿಗೆಯಿಲ್ಲದೆ ಹಳೆಯದಕ್ಕೇ ತೇಪೆ ಹಾಕಿಸಿಕೊಂಡು ಬೆಲ್ಲ ಕುದಿಸುತ್ತಿದ್ದ ಮಾವನವರು, ತಮ್ಮ ಒಲೆಯ ಮುಂದೆ ಮೋಟಾರು ಬಂದು ಚಳಿ ಕಾಯಿಸಿಕೊಳ್ಳುವುದನ್ನು ಓರೆಗಣ್ಣಿನಿಂದ ನೋಡುತ್ತಿದ್ದರು.

ಅದಷ್ಟೇ ಸಾಲದು ಎಂದು ನನಗೆ ಗೊತ್ತಿತ್ತು. ನನ್ನ ತವರಿನಲ್ಲಿ ಕಾಲುವೆಯಿಲ್ಲ. ಎತ್ತು ಕಟ್ಟಿ, ಚರ್ಮದ ಮೊಟ್ಟೆಯಿಂದ ಬಾವಿಯ ನೀರೆತ್ತುತ್ತಿದ್ದರು. ದಿನವಿಡೀ ನೀರಿನಲ್ಲಿ ಮುಳುಗಿ ಏಳುವ ಆ ಮೊಟ್ಟೆ ಕೊಳೆಯದಂತೆ ಸುಟ್ಟ ಕುಸುಬಿ ಎಣ್ಣೆ ಬಳಿಯುತ್ತಿದ್ದರು. ನೀರು ಅದರ ಮೇಲೆ ನಿಲ್ಲದೆ ಮುತ್ತಿನಂತೆ ಜಾರುತ್ತಿತ್ತು. ಚರ್ಮವನ್ನು ಕಾಯುವ ಎಣ್ಣೆ ಕಬ್ಬಿಣವನ್ನು ಕಾಯದೇ ಇದ್ದೀತೇ ಎಂದು ನಮ್ಮವರಿಗೆ ಕೇಳಿದೆ. ಉತ್ತರ ಹೇಳುವ ಮೊದಲೇ ಅವರು ಗಾಡಿ ಚಾಲೂ ಮಾಡಿದ್ದರು. ಕುಲಗೋಡದಲ್ಲಿ ಮೊಟ್ಟೆ ಹೊಲಿಯುವ ಯಲ್ಲಪ್ಪ ಎಂಬ ಹಿರಿಯನಿದ್ದ. ನಾವಿಬ್ಬರೂ ಅವನ ಗುಡಿಸಲ ಮುಂದೆ ಹೋಗಿ ನಿಂತು, ಈ ಮೋಟಾರಿಗೆ ಎಣ್ಣೆ ಬಳಿಯಬೇಕು ಅಂದಾಗ ಅವನು ಗಾಡಿಯನ್ನು ನೋಡಿ, ನಮ್ಮನ್ನು ನೋಡಿ, ಇದರಿಂದ ನೀರು ಸೇದುತ್ತೀರೇನು ಎಂದು ಕೇಳಿದ.

ಮರುದಿನ ಅವನು ಎರಡು ಗಡಿಗೆ ಹೊತ್ತುಕೊಂಡು ನಡೆದು ಬಂದ. ಒಂದು ಗಡಿಗೆಯನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತ. ಇನ್ನೊಂದರಲ್ಲಿ ಕುಸುಬಿ ಕಾಳು ತುಂಬಿ, ಬಾಯಿಗೆ ತೂತಿನ ಹೆಂಚು ಮುಚ್ಚಿ, ಹೂತ ಗಡಿಗೆಯ ಮೇಲೆ ಬೋರಲು ಹಾಕಿ, ಸಂದಿಗೆ ಮಣ್ಣು ಮೆತ್ತಿದ. ಮೇಲೆಲ್ಲ ಸೆಗಣಿ ಕುಳ್ಳು ಒಟ್ಟಿ ಬೆಂಕಿಯಿಟ್ಟ. ಕಾಳು ಒಳಗೇ ಸುಟ್ಟು, ಕರ್ರಗಿನ ಅಂಟೆಣ್ಣೆ ಕೆಳಗಿನ ಗಡಿಗೆಗೆ ತೊಟ್ಟಿಕ್ಕಿತು. ಆ ವಾಸನೆಗೆ ಎರಡು ದಿನ ಊರೇ ಮೂಗು ಮುಚ್ಚಿಕೊಂಡಿತು. ಗಾಡಿಯನ್ನು ನೀರು ಹರಿಯದ ಒಂದು ಹಳೆಯ ಕವಲುಗಾಲುವೆಯ ಮೇಲೆ ಎರಡು ಹಲಗೆ ಹಾಕಿ ನಿಲ್ಲಿಸಿದೆವು. ಯಲ್ಲಪ್ಪ ಮತ್ತು ನಾನು ಕೆಳಗಿಳಿದು, ಕಂದು ಚುಕ್ಕೆಗಳನ್ನೆಲ್ಲ ಇಟ್ಟಂಗಿಪುಡಿಯಿಂದ ತಿಕ್ಕಿ, ಹಳೆಯ ಕಂಬಳಿ ಚೂರಿನಿಂದ ಎಣ್ಣೆ ಬಳಿದೆವು. ಮೇಲೆ ಬಂದಾಗ ನನ್ನ ಮುಖ ನೋಡಿ ನಮ್ಮತ್ತೆ ಯಾರಿವಳು ಎಂದರು.

ಇನ್ನು ಕಲಿಯುವ ಸಂಭ್ರಮ. ಇಳಕಲ್ ಸೀರೆಯ ಕಚ್ಚೆ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಮ್ಮವರ ಕೋಟು ತೊಟ್ಟು, ಮೇಲೆ ಶಾಲು ಹೊದ್ದು, ಕಾಲುವೆಯ ದಂಡೆಯ ದಾರಿಯಲ್ಲಿ ಗಾಡಿಯ ಚಕ್ರದ ಮುಂದೆ ಕೂತೆ. ಮೊದಲ ದಿನ ಗಾಡಿ ಕಪ್ಪೆಯಂತೆ ಕುಪ್ಪಳಿಸಿ ನಿಂತಿತು. ಮೂರನೇ ದಿನ ಕಬ್ಬಿನ ಹೊಲದೊಳಗೆ ಹೋದೆ. ನಾಲ್ಕು ಎತ್ತು ಕಟ್ಟಿ ಎಳೆಸಬೇಕಾಯಿತು. ಎಂಟನೇ ದಿನ, ಮಂಜು ಹಾಲಿನಂತೆ ಕವಿದಿದ್ದ ಬೆಳಗಿನಲ್ಲಿ, ಗಾಡಿ ಒಮ್ಮೆಲೇ ನನ್ನ ಮಾತು ಕೇಳಿತು. ಕಾಲ ಕೆಳಗೆ ಇಂಜಿನ್ನು ಗುಡುಗುತ್ತಿದೆ, ಮುಖಕ್ಕೆ ಚಳಿಗಾಳಿ ಬಡಿದು ಕಣ್ಣಲ್ಲಿ ನೀರು ಹರಿಯುತ್ತಿದೆ, ಬಾಜೂ ಕೂತ ನಮ್ಮವರು ಸಾವಕಾಶ ಸಾವಕಾಶ ಎಂದು ಕೂಗುತ್ತಿದ್ದಾರೆ, ನನಗೋ ನಗು ತಡೆಯಲಾಗುತ್ತಿಲ್ಲ. ಮೂಡಲಗಿಯ ಸಂತೆಗೆ ಹೋದೆವು. ಗೋಕಾಕಕ್ಕೆ ಹೋಗಿ ಕರದಂಟು ತಂದೆವು. ಎದುರಿಗೆ ಕಬ್ಬಿನ ಬಂಡಿ ಬಂದರೆ ಇಂಜಿನ್ನು ಬಂದ್ ಮಾಡಿ, ಇಳಿದು, ಬೆದರಿದ ಎತ್ತಿನ ಮೂಗುದಾರ ಹಿಡಿದು ದಾಟಿಸುವುದು ನನ್ನ ಕೆಲಸ. ಗಾಡಿ ನಡೆಸುವ ಹೆಣ್ಣನ್ನು ನೋಡಲು ಜನ ಮಾಳಿಗೆ ಹತ್ತುತ್ತಿದ್ದರು. ನಮ್ಮತ್ತೆಗೆ ಇದೆಲ್ಲ ಕಿವಿಗೆ ಬೀಳುತ್ತಿತ್ತು. ನಾನು ಮರಳಿ ಬಂದಾಗ ಬಾಗಿಲಲ್ಲೇ ನಿಂತಿರುತ್ತಿದ್ದರು.

ಶಿವರಾತ್ರಿ ಕಳೆಯಿತು. ಪ್ರತಿ ವಾರ ನಾನು ಗಾಡಿಯ ಕೆಳಗಿಳಿದು ನೋಡುತ್ತಿದ್ದೆ, ಎಲ್ಲೂ ಒಂದು ಚುಕ್ಕೆಯಿಲ್ಲ. ಯುಗಾದಿಗೆ ಎಂಟು ದಿನವಿದೆ ಎನ್ನುವಾಗ ನನ್ನ ಕಿವಿಯ ಬೆಂಡೋಲೆಯ ತಿರುಪು ಕಳಚಿ ಸೀಟಿನ ಸಂದಿಗೆ ಬಿತ್ತು. ಹುಡುಕಲೆಂದು ನಾನು ಕೂರುವ ಚರ್ಮದ ಗಾದಿಯನ್ನು ಎತ್ತಿದೆ. ಕೆಳಗೆ, ತಗಡಿನ ಮೇಲೆ, ಒಂದು ಬಟ್ಟೆಯ ಗಂಟು. ಬಿಚ್ಚಿದರೆ ಉಪ್ಪು, ಒಣಮೆಣಸಿನಕಾಯಿ, ಒಂದು ಇದ್ದಿಲ ಚೂರು. ಉಪ್ಪು ಚಳಿಗಾಲದ ಇಬ್ಬನಿಯನ್ನೆಲ್ಲ ಹೀರಿ ಒದ್ದೆಯಾಗಿತ್ತು. ಅದರ ಕೆಳಗಿನ ತಗಡು ಅಂಗೈಯಗಲ ಕೆಂಪಾಗಿ, ಪದರುಪದರಾಗಿ ಎದ್ದಿತ್ತು.

ಬಟ್ಟೆಯ ಗುರುತು ಹತ್ತಿತು. ನಮ್ಮತ್ತೆಯ ಹಳೆಯ ಹಸಿರು ಸೀರೆಯ ಚೂರು. ನಾಲ್ಕು ತಿಂಗಳ ದುಡಿಮೆ ಹೀಗೆ ಒಳಗಿನಿಂದಲೇ ಹಾಳಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಗಂಟನ್ನು ಮುಷ್ಟಿಯಲ್ಲಿ ಹಿಡಿದು ಅಡಿಗೆಮನೆಗೆ ನುಗ್ಗಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ತಲೆ ಎತ್ತಿ ನನ್ನ ಕೈ ನೋಡಿದರು.

"ಅದನ್ಯಾಕ ತಗದಿ ನೀಲವ್ವಾ?" ಎಂದರು. "ನಾ ಅಮಾಸಿಗೊಮ್ಮೆ ಬದಲಿ ಮಾಡತೇನಲ್ಲ. ಮಂದಿ ಕಣ್ಣ ಒಂದ ಐತೇನ ನಿನ್ನ ಮ್ಯಾಲ? ನೀ ಹೋದಾಗಿಂದ ಬರೂತನಕ ನನ್ನ ಜೀವ ಜೀವದಾಗ ಇರಂಗಿಲ್ಲ."

ಬಡಿಯುವ ಕೈ ನಿಂತಿರಲಿಲ್ಲ. ಬೈಯಲು ಬಂದವಳ ಸಿಟ್ಟು ಇಳಿಯಿತು. ನನ್ನ ಅವ್ವನೂ ನನಗಾಗಿ ಅಷ್ಟು ಅಂಜಿದ್ದನ್ನು ನಾನು ಕಂಡಿರಲಿಲ್ಲ. ತುಕ್ಕಿನ ವಿಷಯ ಹೇಳದೆ, ಯುಗಾದಿಯವರೆಗೆ ಮತ್ತೆ ಇಡಬೇಡಿರಿ ಎಂದಷ್ಟೇ ಹೇಳಿ, ಗಂಟನ್ನು ಅವರ ಬಾಜೂ ಇಟ್ಟು ಹೊರಗೆ ಬಂದೆ.

ನಮ್ಮವರಿಗೂ ಹೇಳಲಿಲ್ಲ, ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಯಲ್ಲಪ್ಪನನ್ನು ಕರೆಸಿದೆ. ಅವನು ತಿಕ್ಕಿದ, ನಾನು ತಿಕ್ಕಿದೆ. ಮೇಲಿನ ಪದರು ಹೋಯಿತು, ಆದರೆ ತಗಡು ಸಿಡುಬಿನ ಮುಖದಂತೆ ತಗ್ಗು ಬಿದ್ದಿತ್ತು, ತಗ್ಗಿನೊಳಗೆ ಕೆಂಪು ಹಾಗೇ ಇತ್ತು. ದಪ್ಪಗೆ ಎಣ್ಣೆ ಬಳಿದರೆ ಕಾಣುವುದಿಲ್ಲ ಎಂದ ಯಲ್ಲಪ್ಪ. ಬಳಿ ಎಂದೆ. ಅದು ಮೋಸವೆಂದು ನನಗೆ ಗೊತ್ತಿತ್ತು. ಬಾಗೇವಾಡಿಯ ಆಸೆ ಅದಕ್ಕಿಂತ ದೊಡ್ಡದಿತ್ತು, ಅಷ್ಟೇ.

ಯುಗಾದಿಯ ಬೆಳಗ್ಗೆ ಬೇವು ಬೆಲ್ಲ ತಿಂದು ಎಲ್ಲರೂ ಹಲಗೆಯ ಮೇಲೆ ನಿಲ್ಲಿಸಿದ್ದ ಗಾಡಿಯ ಹತ್ತಿರ ಹೋದೆವು. ಮಾವನವರು ರುಮಾಲು ತೆಗೆದು ನಮ್ಮವರ ಕೈಗೆ ಕೊಟ್ಟು ಒಣಗಾಲುವೆಗೆ ಇಳಿದರು. ಆ ವಯಸ್ಸಿನಲ್ಲಿ ಅಂಗಾತ ಮಲಗಿ, ತಮ್ಮ ಬಿಳಿ ಧೋತರದ ತುದಿಯಿಂದ ಒಂದೊಂದೇ ಜಾಗ ತಿಕ್ಕಿ ನೋಡಿದರು. ಹೊರಗೆ ನಿಂತ ನನಗೆ ಅವರ ಪಾದಗಳಷ್ಟೇ ಕಾಣುತ್ತಿದ್ದವು. ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ ಅವರ ದನಿ ಬಂತು.

"ಕರಿ ಬರತೈತಿ, ಕೆಂಪ ಬರವಲ್ದು."

ನಮ್ಮವರು ಕುಣಿಯುವುದೊಂದು ಬಾಕಿ. ಮಾವನವರು ಹೊರಗೆ ಬಂದರು. ಮುಖದ ಮೇಲೆ ಮೆಚ್ಚುಗೆ ಮುಚ್ಚಿಡಲು ಹೆಣಗುತ್ತಿದ್ದರು. ಮೇಲೇಳಲು ಆಸರೆಗೆಂದು ಗಾಡಿಯೊಳಗೆ ಕೈ ಊರಿದರು. ಕೈ ಊರಿದ್ದು ನನ್ನ ಗಾದಿಯ ಮೇಲೆ. ಗಾದಿ ಜಾರಿತು. ಅವರು ಅದನ್ನೆತ್ತಿ ಪಕ್ಕಕ್ಕಿಟ್ಟು, ಹೊಸದಾಗಿ ಮಿರುಗುತ್ತಿದ್ದ ಆ ಕರಿ ತೇಪೆಯನ್ನು ನೋಡಿ, ಹೆಬ್ಬೆರಳಿನ ಉಗುರಿನಿಂದ ಕೆರೆದರು. ಉಗುರು ಕೆಂಪಾಯಿತು. ಅದನ್ನು ನಮ್ಮವರ ಮುಖದ ಮುಂದೆ ಹಿಡಿದರು. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ.

ನಾನೇ ಉಪ್ಪಿನ ಗಂಟು ಇಟ್ಟಿದ್ದೆ, ಒದ್ದೆಯಾಗಿ ತುಕ್ಕು ಹಿಡಿಯಿತು, ಮುಚ್ಚಿಹಾಕಲು ಎಣ್ಣೆ ಬಳಿಸಿದವಳೂ ನಾನೇ ಎಂದು ಹೇಳಿದೆ. ಬಾಗೇವಾಡಿ ಹೋಯಿತು ಎಂದುಕೊಂಡೆ. ಕಣ್ಣೀರು ಬಂದೇ ಬಂತು.

"ಆಕಿ ಅಲ್ರಿ, ನಾ ಇಟ್ಟೇನಿ," ಎಂದು ಹಿಂದಿನಿಂದ ಅತ್ತೆಯ ದನಿ ಬಂತು. ಅವರು ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಉಪ್ಪಿನಿಂದ ಕಬ್ಬಿಣಕ್ಕ ಏನಾಗತೈತ್ರಿ? ನಿಮ್ಮ ಗಾಣಕ್ಕೂ ಅದು ಬಂದ ದಿನದಿಂದ ಕಟ್ಟಾಕತ್ತೇನಿ. ಇಪ್ಪತ್ತ ವರ್ಷ ಆತು, ಒಂದ ಅಮಾಸಿ ತಪ್ಪಿಲ್ಲ."

ಮಾವನವರು ನಿಧಾನಕ್ಕೆ ತಿರುಗಿ ಗಾಣದ ಕಡೆ ನಡೆದರು. ನಾವೆಲ್ಲ ಹಿಂದೆ. ಅವರು ತೆಂಕಣ ಕಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ಹಿಂದಿನ ಪೊಟರೆಗೆ ಕೈ ಹಾಕಿದರು. ಕೈ ಹೊರಬಂದಾಗ ಅದರಲ್ಲಿ ಹಸಿರು ಸೀರೆಯ ಒದ್ದೆ ಗಂಟು ಇತ್ತು. ಇಪ್ಪತ್ತು ಚಳಿಗಾಲ ಅವರು ತಿಕ್ಕಿದ ಕಾಲು, ಇಪ್ಪತ್ತು ಚಳಿಗಾಲ ಅವರು ಬೈದ ಎರಕದವನ ವಂಶ! ಅವರು ಗಂಟನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಅತ್ತೆಗೆ ಆಗ ಅರ್ಥವಾಗಿ ಬಾಯಿಗೆ ಸೆರಗು ಹಿಡಿದರು. ಮಾವನವರ ಭುಜ ಅಲುಗತೊಡಗಿತು. ಸಿಟ್ಟು ಎಂದುಕೊಂಡೆ. ಅವರು ನಗುತ್ತಿದ್ದರು. ನಕ್ಕು ನಕ್ಕು ಗಾಣಕ್ಕೆ ಆತು ನೆಲಕ್ಕೆ ಕೂತುಬಿಟ್ಟರು. ಅವರು ಹಾಗೆ ನಕ್ಕಿದ್ದನ್ನು ಅದಕ್ಕೆ ಮೊದಲು ಮಗನೂ ನೋಡಿರಲಿಲ್ಲ.

"ನನ್ನ ಗಾಣ ಇಷ್ಟ ವರ್ಷ ಉಳದೈತಿ," ಎಂದರು ಕಣ್ಣೊರೆಸಿಕೊಂಡು. "ನಿಮ್ಮ ಗಾಡೀನೂ ಉಳೀತೈತಿ. ಇಟಗೋರಿ."

ಮರುದಿನ ಬೆಳಗ್ಗೆ ನಮ್ಮವರು ಕೋಟು ತೊಟ್ಟು, ಟೊಪ್ಪಿಗೆ ಇಟ್ಟು, ಗಾಡಿ ಒರೆಸಿ ತಯಾರಾಗಿ ನಿಂತಿದ್ದರು. ನಾನು ಚಕ್ರದ ಮುಂದೆ ಕೂತೆ. ಅಷ್ಟರಲ್ಲಿ ಅತ್ತೆ ಹೊಸ ಸೀರೆಯುಟ್ಟು ಹೊರಗೆ ಬಂದರು, ಮಗನನ್ನು ಒಂದು ಕೈಯಿಂದ ಸರಿಸಿ ನನ್ನ ಬಾಜೂ ಹತ್ತಿ ಕೂತರು. ಮಡಿಲಲ್ಲಿ ಉಪ್ಪಿನಕಾಯಿಯ ಪುಟ್ಟ ಚೀನಿ ಭರಣಿ, ಅದರ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿತ್ತು. ಸೀಟು ಎರಡೇ. ನಮ್ಮವರು ಮಾವನವರ ಮುಖ ನೋಡಿದರು. ಎತ್ತಿನ ಬಂಡಿ ತಯಾರಿದೆ, ಪರದೆಯೂ ಇದೆ ಎಂದರು ಮಾವನವರು.

ಅಂದು ನಾನು ನನ್ನೂರಿನ ದಾರಿಯನ್ನು ಮೊದಲ ಸಲ ನೋಡಿದೆ. ಹೊಸ ಚಿಗುರಿನ ಬೇವಿನ ಮರಗಳು, ಕಪ್ಪು ಹೊಲಗಳು, ದೂರದ ಗುಡ್ಡಸಾಲು, ಕೈಯೆತ್ತಿ ಕೂಗುವ ಜನ. ಅತ್ತೆ ಮೊದಲು ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಿದ್ದರು. ಅರ್ಧ ದಾರಿಗೆ ಕಣ್ಣು ತೆರೆದರು. ಆಮೇಲೆ, ಇಷ್ಟೇ ಓಡುತ್ತದೆಯೋ ಇನ್ನೂ ಓಡುತ್ತದೆಯೋ ಎಂದು ಕೇಳಿದರು. ಬಿಸಿಲೇರುವ ಮೊದಲೇ ಬಾಗೇವಾಡಿ ಬಂತು. ಅಪ್ಪ ಕಟ್ಟೆಯಿಂದ ಇಳಿದು ಬಂದವನು, ಮುಖದ ತುಂಬ ಧೂಳು ಮೆತ್ತಿದ್ದ ನನ್ನನ್ನು ಗುರುತಿಸದೆ, ಯಾರು ಬೇಕಾಗಿತ್ತು ಎಂದು ಗೌರವದಿಂದ ಕೇಳಿದ.

ಓಣಿಯ ಜನವೆಲ್ಲ ನೆರೆಯಿತು. ಅತ್ತೆ ಇಳಿದು ಭರಣಿಯ ಬಟ್ಟೆ ಬಿಚ್ಚಿ ಒಂದು ಮುಷ್ಟಿ ಉಪ್ಪು ತೆಗೆದುಕೊಂಡರು. ನಾನು ಗಾಬರಿಯಾಗಿ, ಗಾಡಿಗೆ ಬೇಡಿರಿ ಅತ್ತೀ, ಮತ್ತೆ ತುಕ್ಕು ಹಿಡಿಯುತ್ತದೆ ಎಂದೆ. ಅವರು ನನ್ನ ಭುಜ ಹಿಡಿದು ಎಲ್ಲರೆದುರು ನನ್ನನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರು.

"ಗಾಡೀಗೆ ಯಾವಾಗ ಇಟ್ಟಿದ್ನವಾ?" ಎಂದರು. "ನಿನಗಲ್ಲೇನ?"

ಉಪ್ಪಿನ ಮುಷ್ಟಿ ನನ್ನ ತಲೆಯ ಸುತ್ತ ಮೂರು ಸಲ ಸುತ್ತಿತು. ನಮ್ಮವರ ಬಂಡಿ ಬಂದು ಮುಟ್ಟಿದ್ದು ದೀಪ ಹಚ್ಚುವ ಹೊತ್ತಿಗೆ.